ಪಡಸಾಲೆ ಮಾತು: ನುಗ್ಗೇಕಾಯಿ ಕೀಳುವ ಕೋಲು



ಹೋದ ಸಲ ಸಾರಿನ ಪುಡಿ ಮುಗ್ಗದಂತೆ ಇಡುವ ಬಗೆ ಬರೆದಿದ್ದೆ. ಅದಕ್ಕೆ ಬಂದ ಕಾಗದಗಳು ಮೇಜಿನ ಮೇಲೆ ರಾಶಿ ಬಿದ್ದಿವೆ, ಎಲ್ಲಕ್ಕೂ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ. ಈ ಸಲ ಮಾತ್ರ ನನ್ನನ್ನು ಅಡಿಗೆಮನೆಯಿಂದ ಸ್ವಲ್ಪ ಆಚೆಗೆ ಬಿಡಿ. ಹಾಕಿ ಆಟದ ವಿಷಯ ಹೇಳಬೇಕಾಗಿದೆ. ಹೌದು, ಹಾಕಿಯೇ! ಈ ವಯಸ್ಸಿನಲ್ಲಿ ಇವಳಿಗೇನು ಬಂತು ಎಂದು ನಗಬೇಡಿ. ಪೂರ್ತಿ ಓದಿ, ಆಮೇಲೂ ನಗು ಬಂದರೆ ಧಾರಾಳವಾಗಿ ನಗಿ.

ನಾವಿರುವುದು ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿ. ಒಂದು ಭಾನುವಾರ ಮಧ್ಯಾಹ್ನ ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದೆ. ಕೆಳಗಿನ ಮನೆಯಿಂದ "ಬಂತು, ಬಂತು, ಬಂತು... ಅಯ್ಯೋ ಬಿಡ್ಬೇಡ್ವೇ, ಹೊಡಿಯೇ... ಗೋ...ಲ್!" ಎಂದು ಕಿರಿಚಿದ ಸದ್ದು ಕೇಳಿಸಿತು. ಹಾಲು ಉಕ್ಕಿತೋ, ಯಾರಾದರೂ ಬಚ್ಚಲಲ್ಲಿ ಜಾರಿದರೋ ಎಂದು ಹಿಟ್ಟಿನ ಕೈಯಲ್ಲೇ ಕೆಳಗೋಡಿದೆ. ನೋಡಿದರೆ ಆ ಮನೆಯಾಕೆ ಈರುಳ್ಳಿ ಹೆಚ್ಚುತ್ತಾ ಮೊಬೈಲು ನೋಡುತ್ತಿದ್ದಾಳೆ. ಕಿರಿಚಿದ್ದೂ ಅವಳೇ, ಆದರೆ ಈಗಲ್ಲ, ಬೆಳಿಗ್ಗೆ. ಮಗಳ ಹಾಕಿ ಪಂದ್ಯಕ್ಕೆ ಹೋಗಿ ತಾನೇ ತೆಗೆದ ವಿಡಿಯೋ, ತಾನೇ ಕೊಟ್ಟ ವರ್ಣನೆ. ಅದನ್ನೇ ನಾಲ್ಕನೇ ಸಲ ನೋಡುತ್ತಿದ್ದಳು!

ಆಕೆಯ ಮಗಳು ಒಂಬತ್ತನೇ ಕ್ಲಾಸು. ಸ್ಕೂಲಿನ ಹಾಕಿ ತಂಡಕ್ಕೆ ಸೇರಿ ಒಂದು ವರ್ಷವಾಗಿದೆ. ಮೊದಮೊದಲು ಮನೆಯಲ್ಲಿ ದೊಡ್ಡ ರಾದ್ಧಾಂತ. ಬಿಸಿಲಲ್ಲಿ ಕಪ್ಪಗಾಗ್ತಾಳೆ, ಮೊಣಕಾಲು ಕೆತ್ತಿಕೊಳ್ತಾಳೆ, ಚಡ್ಡಿ ಹಾಕ್ಕೊಂಡು ಬೀದೀಲಿ ಓಡೋದು ಯಾವ ಚೆಂದ ಎಂದು ಹೊಳೆನರಸೀಪುರದಲ್ಲಿರುವ ಅಜ್ಜಿ ಫೋನಿನಲ್ಲೇ ಅತ್ತಿದ್ದರಂತೆ. ಹತ್ತನೇ ಕ್ಲಾಸಿಗೆ ಬಂದ ಮೇಲೆ ಬಿಡಿಸಿಬಿಡೋದು ಎಂದು ಗಂಡ ಹೆಂಡತಿ ಒಳಗೊಳಗೇ ತೀರ್ಮಾನವನ್ನೂ ಮಾಡಿಯಾಗಿತ್ತು.

ಆಗ ಈಕೆಗೆ ಒಂದು ಯೋಚನೆ ಬಂತು. ಅತ್ತೆಗೆ ಆಟ ಎಂದರೇನು ಎಂದೇ ಗೊತ್ತಿಲ್ಲವಲ್ಲ, ತೋರಿಸಿದರೆ ಹೇಗೆ? ಮೊಬೈಲು ಹಿಡಿದು ಮೈದಾನದ ಅಂಚಿನಲ್ಲಿ ನಿಂತಳು. ಟೀವಿಯವರ ಇಂಗ್ಲಿಷು ಅತ್ತೆಗೆ ಅರ್ಥವಾಗೋದಿಲ್ಲ, ಅದಕ್ಕೆ ನಮ್ಮ ಮನೆಮಾತಿನಲ್ಲೇ ಹೇಳುತ್ತಾ ಹೋದಳು. "ಅತ್ತೇ ನೋಡಿ, ಕೋಲಿನ ಚಪ್ಪಟೆ ಕಡೆಯಿಂದ್ಲೇ ಹೊಡೀಬೇಕು, ಉಬ್ಬಿದ ಕಡೆ ತಾಗಿದ್ರೆ ತಪ್ಪು. ಚೆಂಡು ಕಾಲಿಗೆ ತಾಗಿದ್ರೂ ತಪ್ಪು. ಗೋಲಿನ ಮುಂದೆ ಒಬ್ಬಟ್ಟು ಅರ್ಧಕ್ಕೆ ಮಡಚಿಟ್ಟ ಹಾಗೆ ಗೆರೆ ಇದೆಯಲ್ಲ, ಅದರ ಒಳಗಿನಿಂದ ಹೊಡೆದ್ರೆ ಮಾತ್ರ ಗೋಲು. ಆಚೆಯಿಂದ ಹೊಡೆದದ್ದು ನೇರ ಹೋಗಿ ಒಳಗೆ ಬಿದ್ರೂ ಲೆಕ್ಕಕ್ಕಿಲ್ಲ!" ಆ ಗೆರೆ ಗೋಲಿನಿಂದ 16 ಗಜ ದೂರ ಎನ್ನುವುದೂ, ದೊಡ್ಡ ಪಂದ್ಯಗಳಲ್ಲಿ 15 ನಿಮಿಷದ ನಾಲ್ಕು ಭಾಗ ಎನ್ನುವುದೂ ನನಗೆ ಗೊತ್ತಾದದ್ದು ಇವಳಿಂದಲೇ. ಒಬ್ಬಟ್ಟಿನ ಉಪಮೆ ಕೇಳಿದ ಮೇಲೆ ಮರೆಯುವ ಹಾಗೇ ಇಲ್ಲ.

ವಿಡಿಯೋ ಮನೆಯವರ ವಾಟ್ಸಾಪ್ ಗುಂಪಿಗೆ ಹೋಯಿತು. ಹೊಳೆನರಸೀಪುರ, ಅರಸೀಕೆರೆ, ಶಿವಮೊಗ್ಗ, ಎಲ್ಲ ಕಡೆಯ ಅತ್ತೆ, ಚಿಕ್ಕಮ್ಮ, ಸೋದರಮಾವಂದಿರು ನೋಡಿದರು. ಮೂರನೇ ವಾರದ ಹೊತ್ತಿಗೆ ಫೋನಿನಲ್ಲಿ ಅತ್ತಿದ್ದ ಅದೇ ಅಜ್ಜಿ, "ಏನೇ, ಈ ವಾರ ಮ್ಯಾಚಿಲ್ವೇನೇ? ಇನ್ನೂ ಬಂದೇ ಇಲ್ಲ" ಎಂದು ಕೇಳಿದರಂತೆ. ಚಡ್ಡಿಯ ಮಾತು ಆಮೇಲೆ ಬರಲೇ ಇಲ್ಲ.

ಇಷ್ಟೇ ಆಗಿದ್ದರೆ ಒಂದು ಮನೆಯ ಸಂತೋಷ ಎಂದು ಬಿಡಬಹುದಾಗಿತ್ತು. ಮುಂದೆ ಆದದ್ದು ಕೇಳಿ.

ಆ ತಂಡದಲ್ಲಿ ಇನ್ನೊಬ್ಬ ಹುಡುಗಿ ಇದ್ದಾಳೆ. ಅವಳ ತಾಯಿ ಬಿ.ಟಿ.ಎಂ. ಲೇಔಟಿನ ಆಚೆ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ಭಾನುವಾರವೂ ಎರಡು ಮನೆಯ ಕೆಲಸ. ಮಗಳ ಒಂದು ಪಂದ್ಯವನ್ನೂ ಕಣ್ಣಾರೆ ನೋಡಿದವಳಲ್ಲ. ಯಾರೋ ಕಳಿಸಿದ ಈ ವಿಡಿಯೋ ನೋಡಿ, ನಂಬರು ಹುಡುಕಿ, ನಮ್ಮ ಕೆಳಗಿನ ಮನೆಯಾಕೆಗೆ ಫೋನು ಮಾಡಿದಳು. ಜಗಳಕ್ಕಲ್ಲ. ಮೆಲ್ಲಗೆ ಹೀಗೆ ಕೇಳಿದಳು: "ಅಕ್ಕಾ, ಇಪ್ಪತ್ತು ನಿಮಿಷಾನೂ ನೋಡಿದೆ. ನನ್ನ ಮಗಳು ಎಲ್ಲೂ ಕಾಣಲಿಲ್ಲ. ಅವಳು ಆವತ್ತು ಆಡಿದ್ಲಾ?"

ಆಡಿದ್ದಳು! ಫುಲ್ ಬ್ಯಾಕ್ ಎನ್ನುತ್ತಾರಲ್ಲ, ಗೋಲಿನ ಮುಂದೆ ಗೋಡೆಯ ಹಾಗೆ ನಿಂತು ತಡೆಯುವ ಕೆಲಸ. ಆವತ್ತು ಗೆದ್ದದ್ದೇ ಅವಳು ಮೂರು ಸಲ ಅಡ್ಡ ಬಿದ್ದು ತಡೆದದ್ದರಿಂದ. ಆದರೆ ನಮ್ಮಾಕೆಯ ಮೊಬೈಲು ಇಪ್ಪತ್ತು ನಿಮಿಷವೂ ತನ್ನ ಮಗಳ ಬೆನ್ನು ಹಿಡಿದಿತ್ತು. "ಆಂಟೀ, ನನಗೆ ನೆಲಕ್ಕಿಳಿದು ಹೋದ ಹಾಗಾಯ್ತು" ಎಂದಳು ನನ್ನ ಹತ್ತಿರ. ಅದರಲ್ಲಿ ಆಕೆಯ ತಪ್ಪೆಂಥದು, ಹೆತ್ತ ಕರುಳು ಹಾಗೆಯೇ ಅಲ್ಲವೇ? ಆದರೂ ಆ ಫೋನು ಬಂದದ್ದು ಒಳ್ಳೆಯದೇ ಆಯಿತು.

ಮರುವಾರದಿಂದ ಆಕೆ ಮೊದಲು ಹನ್ನೊಂದು ಹುಡುಗಿಯರ ಹೆಸರನ್ನೂ ಅವರವರ ಬನಿಯನ್ನಿನ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗತೊಡಗಿದಳು. ಚೆಂಡು ಯಾರ ಹತ್ತಿರವೋ ಅವರ ಹೆಸರು ಹೇಳುವುದು, ತಡೆದವಳ ಹೆಸರನ್ನು ಹೊಡೆದವಳಷ್ಟೇ ಗಟ್ಟಿಯಾಗಿ ಹೇಳುವುದು, ಕಾದು ಕೂತ ಹುಡುಗಿಯರನ್ನೂ ಒಂದು ಸಲ ತೋರಿಸುವುದು. ಆ ತಂಡದಲ್ಲಿ ಉರ್ದು ಮಾತಾಡುವ ಮನೆಯ ಹುಡುಗಿ ಇದ್ದಾಳೆ, ತಮಿಳು ಮನೆಯವಳಿದ್ದಾಳೆ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳಿದ್ದಾಳೆ. ಆ ರಾಯಚೂರಿನ ತಾಯಿ ವಿಡಿಯೋವನ್ನು ಊರಿಗೆ ಕಳಿಸಿದಳಂತೆ. ಹೆಸರು ಕೂಗಿ ಹೇಳಿದ್ದರಿಂದ ಕಣ್ಣು ಮಂಜಾದ ಅಜ್ಜನಿಗೂ ಮೊಮ್ಮಗಳು ಯಾವಳು ಎಂದು ತಿಳಿಯಿತಂತೆ. ವರ್ಷದ ಹಿಂದೆ ಆ ಸ್ಕೂಲಿನಲ್ಲಿ ಹನ್ನೊಂದು ಹುಡುಗಿಯರನ್ನು ಹೊಂದಿಸುವುದೇ ಕಷ್ಟವಾಗಿತ್ತು. ಈಗ ಎರಡು ತಂಡಕ್ಕಾಗುವಷ್ಟಿದ್ದಾರೆ.

ಇದನ್ನೆಲ್ಲ ಬರೆಯುವ ಮನಸ್ಸಾದದ್ದು ಮಾತ್ರ ನಮ್ಮ ಓರಗಿತ್ತಿಯಿಂದ.

ನಮ್ಮವರ ಅಣ್ಣನ ಹೆಂಡತಿ, ಜೆ.ಪಿ. ನಗರದಲ್ಲಿ ಮಗನ ಮನೆಯಲ್ಲಿದ್ದಾರೆ. ವಯಸ್ಸು ಎಪ್ಪತ್ತೈದರ ಹತ್ತಿರ. ಮಾತು ಕಡಿಮೆ. ಮೊನ್ನೆ ರಾಗಿಗುಡ್ಡಕ್ಕೆ ಬಂದವರು ಹಾಗೇ ನಮ್ಮಲ್ಲಿಗೂ ಬಂದರು. ಕಾಫಿ ಕೊಟ್ಟು, ನೋಡಿ ಅಕ್ಕ ಎಂದು ಆ ವಿಡಿಯೋ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. ಎರಡು ನಿಮಿಷವಾಗಿರಬಹುದು. "ಆ ಹುಡುಗಿ ಕೋಲು ಹಿಡಿದಿರೋದು ಸರಿಯಿಲ್ಲ ಕಣೇ. ಎಡಗೈ ಮೇಲಿರಬೇಕು, ಬಲಗೈ ಕೆಳಗೆ. ತಿರುಗಿಸೋದು ಎಡಗೈ, ಬಲಗೈ ಬರೀ ಆಸರೆ" ಎಂದರು.

"ನಿಮಗೆ ಹೇಗೆ ಗೊತ್ತು ಅಕ್ಕ?"

"ಆಡ್ತಿದ್ದೆನಲ್ಲ" ಎಂದರು, ಹುಣಿಸೆಹಣ್ಣು ನೆನೆಹಾಕಿದ್ದೆನಲ್ಲ ಎನ್ನುವ ಹಾಗೆ.

1969ರಿಂದ 1971ರವರೆಗೆ, ಎರಡು ವರ್ಷ, ಬೆಂಗಳೂರಿನ ಒಂದು ಮಹಿಳಾ ಕಾಲೇಜಿನ ತಂಡದಲ್ಲಿ ರೈಟ್ ಹಾಫ್. 1972ರಲ್ಲಿ ಮದುವೆ. ನಾನು ಆ ಮನೆಗೆ ಸೊಸೆಯಾಗಿ ಬಂದದ್ದು 1978ರಲ್ಲಿ. ಅಂದಿನಿಂದ ಒಂದೇ ಒಲೆಯ ಮುಂದೆ ಹನ್ನೆರಡು ವರ್ಷ ಒಟ್ಟಿಗೆ ಬೇಯಿಸಿದ್ದೇವೆ. ಒಂದು ದಿನ ಹೇಳಿದವರಲ್ಲ. ನಾನು ಕೇಳಿದವಳೂ ಅಲ್ಲ. ಯಾಕೆ ಅಕ್ಕ ಹೇಳಲಿಲ್ಲ ಎಂದರೆ, "ಹೇಳೋಕೇನಿತ್ತು? ಫೋಟೋ ಇಲ್ಲ, ಏನಿಲ್ಲ. ಸರ್ಟಿಫಿಕೇಟು ಒಂದಿತ್ತು, ಅತ್ತೆ ಟ್ರಂಕಿನ ತಳಕ್ಕೆ ಹಾಸಿದ್ರು. ಕೋಲಂತೂ ನಿನಗೇ ಗೊತ್ತಲ್ಲ" ಎಂದರು.

ಕೋಲು! ಜಯನಗರದ ಆ ಹಳೇ ಮನೆಯ ಹಿತ್ತಲಲ್ಲಿ ಒಂದು ನುಗ್ಗೆಮರ ಇತ್ತು. ಕಾಯಿ ಕೀಳಲು ಬಚ್ಚಲಮನೆಯ ಬಾಗಿಲ ಹಿಂದೆ ಒಂದು ಡೊಂಕು ಕೋಲು. ಕೊಂಬೆಗೆ ಸಿಕ್ಕಿಸಿ ಎಳೆಯಲು ಹೇಳಿ ಮಾಡಿಸಿದಂತಿತ್ತು. ಯಾವುದೋ ಕಾಲದಲ್ಲಿ ಮೈದುನಂದಿರು ಆಡಿ ಬಿಸಾಕಿದ್ದು ಎಂದುಕೊಂಡಿದ್ದೆ. ಎಷ್ಟು ವರ್ಷ ಅದರಿಂದ ನುಗ್ಗೇಕಾಯಿ ಕಿತ್ತಿದ್ದೇನೋ! ಹಾಸಿಗೆ ಬಡಿದಿದ್ದೇನೆ, ಬೆಕ್ಕು ಓಡಿಸಿದ್ದೇನೆ. ಅವರೆದುರಿಗೇ. 2009ರಲ್ಲಿ ಮನೆಯನ್ನು ಬಿಲ್ಡರಿಗೆ ಕೊಟ್ಟಾಗ ಹಳೇ ಬಾಗಿಲುಗಳ ಜೊತೆ ಅದೂ ಗುಜರಿಗೆ ಹೋಯಿತು. ಗಾಡಿಗೆ ಹಾಕಿದವಳೂ ನಾನೇ.

ಆವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ ಎಂದರೆ ನಂಬಿ.

ಅಕ್ಕನಂಥವರು ಒಬ್ಬರಲ್ಲ, ಸೋದರಿಯರೇ. ಬೆಂಗಳೂರು ಎಂದರೆ ಒಂದು ಕಾಲಕ್ಕೆ ಹೆಂಗಸರ ಹಾಕಿಯ ತವರುಮನೆ. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದಾಗ, 1960ರಿಂದ 1967ರವರೆಗೆ ಎಲ್ವೆರಾ ಬ್ರಿಟ್ಟೊ ನಾಯಕಿಯಾಗಿದ್ದ ನಮ್ಮ ಹೆಂಗಸರ ತಂಡ ಏಳು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಏಳು ಸಲ! ಎಲ್ವೆರಾ, ರೀಟಾ, ಮೇ, ಮೂವರು ಅಕ್ಕತಂಗಿಯರು ಒಂದೇ ತಂಡದಲ್ಲಿ. ಎಲ್ವೆರಾಗೆ 1965ರ ಅರ್ಜುನ ಪ್ರಶಸ್ತಿಯೂ ಬಂತು. ಅವರು 2022ರ ಏಪ್ರಿಲಿನಲ್ಲಿ ತೀರಿಕೊಂಡಾಗ ಸುದ್ದಿ ನೋಡಿ, ಇವರು ಯಾರು ಎಂದು ಕೇಳಿದವರಲ್ಲಿ ನಾನೂ ಒಬ್ಬಳು. ಆಮೇಲಿನವರು ಸೈನಿ ಅಕ್ಕತಂಗಿಯರು. ಅವರೂ ಬೆಂಗಳೂರಿನವರೇ. ಅವರಲ್ಲಿ ರೂಪಾ ಸೈನಿ 1980ರ ಮಾಸ್ಕೋ ಒಲಿಂಪಿಕ್ಸಿಗೆ ಹೋದ ಭಾರತದ ತಂಡಕ್ಕೆ ನಾಯಕಿ. ಒಲಿಂಪಿಕ್ಸಿನಲ್ಲಿ ಹೆಂಗಸರ ಹಾಕಿ ಶುರುವಾದದ್ದೇ ಆ ವರ್ಷ.

ಆ ವರ್ಷ ನನಗೆ ಮದುವೆಯಾಗಿ ಎರಡು ವರ್ಷ. ಗಂಡಸರ ತಂಡ ಚಿನ್ನ ಗೆದ್ದದ್ದು ಚೆನ್ನಾಗಿ ನೆನಪಿದೆ. ಮಾವನವರು ಬೀದಿಯವರಿಗೆಲ್ಲ ಪೇಡೆ ಹಂಚಿದ್ದರು. ಕೊಡಗಿನ ಎಂ.ಎಂ. ಸೋಮಯ್ಯ ಆ ತಂಡದಲ್ಲಿದ್ದರು ಎಂದು ನಮಗೆಲ್ಲ ಹೆಮ್ಮೆ. ಹೆಂಗಸರ ತಂಡವೂ ಹೋಗಿತ್ತು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಅಕ್ಕನಿಗೆ ಗೊತ್ತಿತ್ತು. ಗಂಡಸರೆಲ್ಲ ಓದಿ ಮುಗಿಸಿದ ಪೇಪರನ್ನು ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ತೆಗೆದು, ಆಟದ ಪುಟದ ಮೂಲೆಯಲ್ಲಿ ಹುಡುಕುತ್ತಿದ್ದರಂತೆ. ಈಗಲೂ ಬೆರಳು ಮಡಚಿ ಹೇಳುತ್ತಾರೆ: "ಆಸ್ಟ್ರಿಯಾನ ಎರಡು ಗೋಲಿಂದ ಗೆದ್ವಿ, ಪೋಲೆಂಡನ್ನ ನಾಲ್ಕರಿಂದ. ಜಿಂಬಾಬ್ವೆ ಜೊತೆ ಒಂದೊಂದು, ಸಮ. ಜೆಕ್ಕೋಸ್ಲೊವಾಕಿಯಾ ಹತ್ರ, ರಷ್ಯಾ ಹತ್ರ ಸೋತ್ವಿ. ಅವರಿಗೆ ಆರು ಅಂಕ, ನಮಗೆ ಐದು. ಕಂಚಿಗೆ ಒಂದೇ ಅಂಕ ಕಡಿಮೆ ಕಣೇ." ನಾನು ಆಮೇಲೆ ತಾಳೆ ನೋಡಿದೆ, ಒಂದಕ್ಷರ ತಪ್ಪಿಲ್ಲ. ಚಿನ್ನ ಗೆದ್ದದ್ದು ಜಿಂಬಾಬ್ವೆ. ಅವರೊಡನೆ ಸಮ ಮಾಡಿಕೊಂಡವರು ನಾವು. ಅಲ್ಲಿಂದ ಮುಂದೆ ನಮ್ಮ ಹೆಣ್ಣುಮಕ್ಕಳು ಮತ್ತೆ ಒಲಿಂಪಿಕ್ಸ್ ಮೈದಾನಕ್ಕೆ ಇಳಿದದ್ದು 2016ರಲ್ಲಿ. ಮೂವತ್ತಾರು ವರ್ಷ!

ಆಟ ಚೆನ್ನಾಗಿ ಆಡದೆ ಹೀಗಾಯಿತೇ? 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ, 2002ರಲ್ಲಿ ಮ್ಯಾಂಚೆಸ್ಟರಿನ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ. ಆಡಿದವರು ಇದ್ದೇ ಇದ್ದರು. ಹೇಳುವವರು ಇರಲಿಲ್ಲ ಅಂತೀನಿ ನಾನು. 2002ರ ಆ ಚಿನ್ನದ ಬಗ್ಗೆ ಪತ್ರಿಕೆಯಲ್ಲಿ ಬಂದ ಒಂದು ಸಣ್ಣ ಸುದ್ದಿ ಜೈದೀಪ್ ಸಾಹ್ನಿ ಎಂಬ ಲೇಖಕರ ಕಣ್ಣಿಗೆ ಬಿತ್ತು. ಅದರಿಂದ ಹುಟ್ಟಿದ್ದು 2007ರ 'ಚಕ್ ದೇ! ಇಂಡಿಯಾ' ಸಿನಿಮಾ. ಆ ನಾಲ್ಕು ಸಾಲನ್ನೂ ಯಾರೂ ಬರೆಯದೇ ಹೋಗಿದ್ದರೆ?

ಈಚೆಗೆ ಹೇಳುವವರು ಹೆಚ್ಚಾಗಿದ್ದಾರೆ, ಅದರ ಫಲವೂ ಕಾಣುತ್ತಿದೆ. ರಾಣಿ ರಾಂಪಾಲ್ ಹೆಸರು ಕೇಳಿದ್ದೀರಿ. ಹರಿಯಾಣದ ಶಾಹಬಾದಿನ ಹುಡುಗಿ, ತಂದೆ ಗಾಡಿ ಎಳೆಯುತ್ತಿದ್ದವರು. ಮುರಿದ ಕೋಲಿನಿಂದ, ಸಲ್ವಾರ್ ಕಮೀಜಿನಲ್ಲಿ ಓಡುತ್ತಾ ಕಲಿತವಳು. ತರಬೇತಿಗೆ ಬರುವಾಗ ಪ್ರತಿ ಹುಡುಗಿಯೂ ಅರ್ಧ ಲೀಟರು ಹಾಲು ತರಬೇಕೆಂದು ನಿಯಮ. ಇವಳ ಮನೆಯಲ್ಲಿ 200 ಮಿಲಿಗೆ ಮಾತ್ರ ದುಡ್ಡು, ಉಳಿದದ್ದಕ್ಕೆ ನೀರು ಬೆರೆಸಿ ಒಯ್ಯುತ್ತಿದ್ದಳಂತೆ. ಹಾಲು ಅಳೆದು ಸಂಸಾರ ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಈ ಕಥೆ ಅವಳ ಬಾಯಿಂದಲೇ ಬಂದು ಒಬ್ಬರಿಂದೊಬ್ಬರಿಗೆ ಮೊಬೈಲಿನಲ್ಲಿ ದೇಶವೆಲ್ಲ ಹರಡಿತು. 2020ರ ಜನವರಿಯಲ್ಲಿ 'ವರ್ಲ್ಡ್ ಗೇಮ್ಸ್' ಎಂಬ ಸಂಸ್ಥೆ ವರ್ಷದ ಶ್ರೇಷ್ಠ ಆಟಗಾರರನ್ನು ಆರಿಸಲು ಜನರ ಮತ ಕೇಳಿತು. ಇಪ್ಪತ್ತು ದಿನಗಳಲ್ಲಿ ರಾಣಿಗೆ ಬಿದ್ದ ಮತ 1,99,477. ಹಾಕಿ ಆಡುವವರೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಕೊಟ್ಟವರು ಯಾವ ಮಂತ್ರಿಯೂ ಅಲ್ಲ, ಕಂಪನಿಯೂ ಅಲ್ಲ. ಮೊಬೈಲಿನಲ್ಲಿ ಬೆರಳೊತ್ತಿದ ಸಾಮಾನ್ಯ ಜನ.

ಅದೇ 2020ರ ಮಾರ್ಚಿನಲ್ಲಿ ಕೊರೋನಾ ಬಂದು ಎಲ್ಲ ಬಾಗಿಲು ಮುಚ್ಚಿದಾಗ ಭಾರತದ ಹೆಂಗಸರ ತಂಡ ಇದ್ದದ್ದು ನಮ್ಮ ಬೆಂಗಳೂರಿನಲ್ಲೇ, ಜ್ಞಾನಭಾರತಿಯ ಹತ್ತಿರವಿರುವ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ. ಬನಶಂಕರಿಯಿಂದ ಅಂಥ ದೂರವೇನಿಲ್ಲ. ಊರಿಗೆ ಹೋಗುವ ಹಾಗಿಲ್ಲ, ಆಡುವ ಹಾಗಿಲ್ಲ. ಸುಮ್ಮನೆ ಕೂರಲಿಲ್ಲ ಆ ಹುಡುಗಿಯರು. ದಿನಕ್ಕೊಂದು ವ್ಯಾಯಾಮ ಮಾಡಿ ತೋರಿಸಿ, ನೀವೂ ಮಾಡಿ, ಹತ್ತು ಜನಕ್ಕೆ ಹೇಳಿ, ನೂರು ರೂಪಾಯಿ ಕೊಡಿ ಎಂದು ಕೇಳಿದರು. ನೋಡಿದ ಅಭಿಮಾನಿಗಳು ತಾವೂ ಬಸ್ಕಿ ಹೊಡೆದು, ಅದರ ಚಿತ್ರ ಹಾಕಿ, ಹತ್ತು ಹತ್ತು ಜನರನ್ನು ಎಳೆದು ತಂದರು. ಹದಿನೆಂಟು ದಿನಗಳಲ್ಲಿ 20 ಲಕ್ಷ ರೂಪಾಯಿ ಕೂಡಿತು, ಬಡವರ ಊಟ ಔಷಧಿಗೆ ಹೋಯಿತು. ನಾವು ಆಗ ಮನೆಯಲ್ಲಿ ಕೂತು ಹಲಸಿನಕಾಯಿ ಹಪ್ಪಳದ ಲೆಕ್ಕ ಹಾಕುತ್ತಿದ್ದೆವು, ಬಿಡಿ.

ಮರುವರ್ಷ, 2021ರ ಆಗಸ್ಟ್ 2ರಂದು, ಟೋಕಿಯೋ ಒಲಿಂಪಿಕ್ಸಿನಲ್ಲಿ ಇದೇ ತಂಡ ಆಸ್ಟ್ರೇಲಿಯಾವನ್ನು ಒಂದು ಗೋಲಿನಿಂದ ಸೋಲಿಸಿ ಮೊದಲ ಸಲ ಸೆಮಿಫೈನಲಿಗೆ ಹೋಯಿತು. ಕೊನೆಗೆ ಕಂಚಿನ ಪಂದ್ಯದಲ್ಲಿ ಬ್ರಿಟನ್ನಿಗೆ 3-4ರಲ್ಲಿ ಸೋತರು. ಮತ್ತೆ ನಾಲ್ಕನೆಯ ಸ್ಥಾನ, 1980ರ ಹಾಗೇ. ಆದರೆ ಈ ಸಲ ಇಡೀ ದೇಶ ಅವರ ಜೊತೆ ಅತ್ತಿತು. 1980ರಲ್ಲಿ ಒಬ್ಬ ಸೊಸೆ ಪಾತ್ರೆ ತೊಳೆದ ಕೈಯಲ್ಲಿ ಪೇಪರು ಹಿಡಿದು ಒಬ್ಬಳೇ ಅತ್ತಿದ್ದಳಷ್ಟೆ.

ಹೇಳುವ ಬಾಯಿ ಎಲ್ಲವೂ ಒಳ್ಳೆಯದನ್ನೇ ಹೇಳುತ್ತದೆ ಎಂದೇನಿಲ್ಲ. ವಂದನಾ ಕಟಾರಿಯಾ ಎಂಬ ಹುಡುಗಿ ಅದೇ ಟೋಕಿಯೋದಲ್ಲಿ ದಕ್ಷಿಣ ಆಫ್ರಿಕಾದ ಮೇಲೆ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದಳು. ಒಲಿಂಪಿಕ್ಸಿನಲ್ಲಿ ಹಾಗೆ ಮಾಡಿದ ಮೊದಲ ಭಾರತೀಯ ಮಹಿಳೆ. ನಾಲ್ಕೇ ದಿನ ಕಳೆದು ಸೆಮಿಫೈನಲಿನಲ್ಲಿ ತಂಡ ಸೋತಾಗ ಹರಿದ್ವಾರದ ಹತ್ತಿರದ ಅವಳ ಮನೆಯ ಮುಂದೆ ಕೆಲವರು ಪಟಾಕಿ ಹಚ್ಚಿ ಜಾತಿ ಹಿಡಿದು ಬೈದರು. ತಂಡದಲ್ಲಿ ಇಂಥವರು ಇರುವುದರಿಂದಲೇ ಸೋತದ್ದು ಎಂದರಂತೆ. ಪೊಲೀಸು ಕೇಸಾಯಿತು. ಗಾರ್ಮೆಂಟ್ ಕೆಲಸದ ತಾಯಿಯ ಮಗಳ ಹೆಸರನ್ನೂ ಗಟ್ಟಿಯಾಗಿ ಹೇಳಿ ಎಂದು ನಾನು ಹೇಳುವುದಕ್ಕೂ ಇದಕ್ಕೂ ಸಂಬಂಧವಿದೆ. ಹನ್ನೊಂದು ಜನರ ಮನೆ ಯಾವ ಬೀದಿಯಲ್ಲಿದ್ದರೂ ಅವರು ನಮ್ಮವರೇ ಎಂದು ಮೊದಲಿಂದ ಕೇಳಿ ಬೆಳೆದ ಮಕ್ಕಳು ನಾಳೆ ಯಾರ ಮನೆ ಮುಂದೆಯೂ ಪಟಾಕಿ ಹಚ್ಚುವುದಿಲ್ಲ.

ಉಡುಪಿನ ಮಾತೂ ಹಾಗೆಯೇ. ಚಡ್ಡಿಯೋ, ಲಂಗವೋ, ಉದ್ದ ಷರಾಯಿಯೋ, ಎಷ್ಟೋ ಹುಡುಗಿಯರು ಆಟ ಬಿಡುವುದು ಇದರಿಂದಲೇ. ಇದು ನಮ್ಮ ದೇಶದ ಕಥೆ ಮಾತ್ರ ಎಂದುಕೊಂಡಿದ್ದೆ. ಇಂಗ್ಲೆಂಡಿನಲ್ಲಿ ಟೆಸ್ ಹೋವರ್ಡ್ ಎಂಬ ಆಟಗಾರ್ತಿ ಓದುವಾಗ ಇದರ ಮೇಲೆಯೇ ಅಧ್ಯಯನ ಮಾಡಿ ಬರೆದಳು. ಲಂಗವೇ ಆಗಬೇಕೆಂದೇನಿಲ್ಲ, ಬೇಕಾದವರು ಚಡ್ಡಿ ಹಾಕಬಹುದು ಎಂದು 2023ರಲ್ಲಿ ಅಲ್ಲಿ ನಿಯಮವೇ ಬದಲಾಯಿತು. ಅಲ್ಲಿ ಚಡ್ಡಿ ಬೇಕೆಂದು ಹೋರಾಟ, ಇಲ್ಲಿ ಬೇಡವೆಂದು! ಹುಡುಗಿಗೆ ಯಾವುದರಲ್ಲಿ ಓಡಲು ಸಲೀಸೋ ಅದನ್ನು ಹಾಕಲಿ ಎನ್ನುವುದೇ ಎರಡೂ ಕಡೆ ನ್ಯಾಯ.

ಕೊಡಗಿನ ಸೋದರಿಯರು ಇದನ್ನು ಓದಿ, ಇವಳೇನು ಹೊಸದು ಹೇಳುತ್ತಿದ್ದಾಳೆ ಎಂದು ನಗುತ್ತಿರಬಹುದು. ಅಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಅರವತ್ತು ಮನೆತನಗಳ ತಂಡ ಸೇರಿಸಿ ಶುರು ಮಾಡಿದ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ತಂಡಗಳಾಗಿ ಗಿನ್ನೆಸ್ ದಾಖಲೆಗೂ ಸೇರಿತು. ಅಲ್ಲಿ ಹೆಂಗಸರು ಬೇಲಿಯ ಆಚೆ ನಿಂತು ನೋಡುವವರಲ್ಲ. ತಂದೆ, ಅಣ್ಣ, ಮಗನ ಜೊತೆ ಅದೇ ತಂಡದಲ್ಲಿ ಕೋಲು ಹಿಡಿದು ಇಳಿಯುತ್ತಾರೆ. ಮನೆತನದವರೇ ನಡೆಸುವ ಹಬ್ಬ, ಮನೆತನದ ಹೆಸರಿನಲ್ಲೇ ಅದರ ದಾಖಲೆ. ಯಾವ ವರ್ಷ ಯಾವ ಮನೆಯವರು ನಡೆಸಿದರು ಎಂದು ಕೇಳಿದರೆ ಮಕ್ಕಳೂ ಹೇಳುತ್ತಾರೆ.

ನಿಮ್ಮೂರಿನ ಹೈಸ್ಕೂಲಿನಲ್ಲೂ ಹುಡುಗಿಯರು ಆಡುತ್ತಿರಬಹುದು. ಹಾಕಿ ಇಲ್ಲದಿದ್ದರೆ ಖೋ ಖೋ, ಕಬಡ್ಡಿ, ಥ್ರೋಬಾಲ್. ಒಂದು ಸಲ ಹೋಗಿ ನೋಡಿ. ಮೊಬೈಲು ಇಲ್ಲದಿದ್ದರೆ ಪೆನ್ನು ಸಾಕು. ತಾರೀಖು, ಎದುರಾಳಿ ತಂಡ, ಗೋಲು, ಎಲ್ಲರ ಹೆಸರು, ಹತ್ತು ಸಾಲು ಬರೆದು ಊರಿನ ಪತ್ರಿಕೆಗೆ ಕೊಡಿ. ಮೊದಲ ಸಲ ಹಾಕದಿದ್ದರೆ ಎರಡನೇ ಸಲ ಕೊಡಿ. ನಮ್ಮ ಕೆಳಗಿನ ಮನೆಯಾಕೆಯದು ಐದನೇ ಸಲಕ್ಕೆ ಬಂತು, ಅದೂ ಎರಡೇ ಸಾಲು, ಹುಡುಗಿಯರ ಊರು ತಪ್ಪಾಗಿ. ಅದನ್ನೇ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದಾಳೆ.

ಆದರೆ ಜೋಕೆ. ಹೆಣ್ಣುಮಕ್ಕಳ ಚಿತ್ರ, ಅದರಲ್ಲೂ ಸಣ್ಣ ಹುಡುಗಿಯರದು. ತೆಗೆಯುವ ಮುಂಚೆ ಆ ಹುಡುಗಿಯನ್ನೂ ಅವಳ ತಾಯಿಯನ್ನೂ ಕೇಳಿ. ಯಾರೋ ಒಬ್ಬರು ಬೇಡವೆಂದರೆ ಕಾರಣ ಕೇಳಬೇಡಿ, ಬಿಟ್ಟುಬಿಡಿ, ಹೆಸರು ಹೇಳಿದರೆ ಸಾಕು. ಊರೆಲ್ಲ ನೋಡುವ ಕಡೆ ಹಾಕಬೇಡಿ, ತಂಡದ ಮನೆಯವರ ಗುಂಪಿನಲ್ಲಿ ಇರಲಿ. ಸ್ಕೂಲು ಯಾವುದು, ಯಾವ ಬಸ್ಸಿನಲ್ಲಿ ಬರುತ್ತಾಳೆ, ಮನೆ ಎಲ್ಲಿ ಎನ್ನುವುದು ವಿಡಿಯೋದಲ್ಲಿ ಬಾರದಿರಲಿ. ಓಟದ ಬಗ್ಗೆ ಹೇಳಿ, ಹೊಡೆತದ ಬಗ್ಗೆ ಹೇಳಿ. ಬಣ್ಣ, ತೂಕ, ಮೈಕಟ್ಟಿನ ಮಾತು ಹೊಗಳಿಕೆಗೂ ಬೇಡ. ಸೋತ ದಿನದ್ದನ್ನೂ ಇಟ್ಟುಕೊಳ್ಳಿ.

ಕೆಳಗಿನ ಮನೆಯ ಹುಡುಗಿ ಈಗ ಹತ್ತನೇ ಕ್ಲಾಸು ಮುಗಿಯುವವರೆಗೂ ಆಡಬಹುದು ಎಂದು ತೀರ್ಪಾಗಿದೆ. ಆಮೇಲಿನದು ಆಮೇಲೆ. ಹೊಳೆನರಸೀಪುರದ ಅಜ್ಜಿ ಹೊಸ ಕೋಲಿಗೆ ಎರಡು ಸಾವಿರ ಕಳಿಸಿದ್ದಾರೆ.

ನಮ್ಮ ಅಕ್ಕನನ್ನು ಹೋದ ಭಾನುವಾರ ಮೈದಾನಕ್ಕೆ ಕರೆದುಕೊಂಡು ಹೋಗಿದ್ದೆವು. ಕುರ್ಚಿ ಹಾಕಿಕೊಟ್ಟರೂ ಕೂರಲಿಲ್ಲ. ಪಂದ್ಯ ಮುಗಿದ ಮೇಲೆ ಆ ಫುಲ್ ಬ್ಯಾಕ್ ಹುಡುಗಿಯನ್ನು ಕರೆದು ಅವಳ ಎಡಗೈಯನ್ನು ಕೋಲಿನ ಮೇಲೆ ಸರಿಯಾಗಿ ಇಟ್ಟು ತೋರಿಸಿದರು. ಆಮೇಲೆ ಕೋಲನ್ನು ತಾವೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. ಕೆಳಗಿನ ಮನೆಯಾಕೆ ಕೇಳದೆಯೇ ಒಂದು ಫೋಟೋ ತೆಗೆದುಬಿಟ್ಟಳು. ಆಮೇಲೆ ಕೇಳಿದ್ದಕ್ಕೆ, ಇರಲಿ ಎಂದರು.

ಮನೆಗೆ ಬಂದು ಕ್ಯಾಲೆಂಡರಿನ ಹಾಳೆಯ ಹಿಂದೆ 1970ರ ಅವರ ತಂಡದ ಹೆಸರುಗಳನ್ನು ಬರೆದುಕೊಳ್ಳಲು ಕೂತೆವು. ಹನ್ನೊಂದರಲ್ಲಿ ಒಂಬತ್ತು ಸಿಕ್ಕಿವೆ. ಗೋಲ್‌ಕೀಪರ್ ಚಾಮರಾಜಪೇಟೆಯಿಂದ ಬರುತ್ತಿದ್ದರಂತೆ, ಎರಡು ಜಡೆ, ಪ್ಯಾಡು ಕಟ್ಟಿಕೊಳ್ಳಲು ಅಣ್ಣನ ಹಳೇ ಬೆಲ್ಟು ತರುತ್ತಿದ್ದರು. ಲೆಫ್ಟ್ ಔಟ್ ಆಡುತ್ತಿದ್ದವರು ಮಂಡ್ಯದ ಕಡೆಯವರು, ಹಾಸ್ಟೆಲಿನಲ್ಲಿದ್ದರು, ಬಹಳ ಚುರುಕು. ಇಬ್ಬರ ಮುಖವೂ ಕಣ್ಣೆದುರಿಗಿದೆ, ಹೆಸರು ಮಾತ್ರ ಬರುತ್ತಿಲ್ಲ ಎನ್ನುತ್ತಾರೆ ಅಕ್ಕ. ನೀವೇ ಆಗಿದ್ದು ಇದನ್ನು ಓದುತ್ತಿದ್ದರೆ, ಅಥವಾ ನಿಮ್ಮ ತಾಯಿಯೋ ಅತ್ತೆಯೋ ಆಗಿದ್ದರೆ, ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಆ ಎರಡು ಸಾಲು ಖಾಲಿ ಬಿಟ್ಟಿದ್ದೇವೆ.